ಅಣ್ಣನ ತೂಕ

ನಮ್ಮ ಮನೆಯಲ್ಲಿ ಯಾರೂ ಮೆಲ್ಲಗೆ ಮಾತಾಡುತ್ತಿರಲಿಲ್ಲ. ಮೆಲ್ಲಗೆ ಮಾತಾಡಿದರೆ ಕೇಳಿಸುತ್ತಿರಲಿಲ್ಲ. ಇಚಲಕರಂಜಿಯ ಒಂದು ಪವರ್‌ಲೂಮ್ ಶೆಡ್ಡಿನ ಹಿಂದುಗಡೆ, ಶೆಡ್ಡಿನ ಗೋಡೆಗೇ ಹಚ್ಚಿ ಕಟ್ಟಿದ ಎರಡು ಖೋಲಿಗಳಲ್ಲಿ ನಾವಿದ್ದೆವು. ಗೋಡೆಯ ಆಚೆ ಮಗ್ಗಗಳು, ಈಚೆ ಅವ್ವನ ಒಲೆ. ಆ ಗೋಡೆಗೆ ಅಂಗೈ ಇಟ್ಟರೆ ನಡುಗುವುದು ತಿಳಿಯುತ್ತಿತ್ತು. ಅವ್ವ ಅದಕ್ಕೆ ದೇವರ ಪಟವನ್ನೂ ತೂಗುಹಾಕಿರಲಿಲ್ಲ. ದೇವರಿಗಾದರೂ ಒಂದಿಷ್ಟು ನಿದ್ದೆ ಬೇಡವೇ ಎನ್ನುತ್ತಿದ್ದಳು. ಹತ್ತಿಯ ಧೂಳು ಕಿಂಡಿಯಿಂದ ಬಂದು ಹಾಲಿನ ಕೆನೆಯ ಮೇಲೆ, ನೀರಿನ ಕೊಡದ ಮೇಲೆ, ನಮ್ಮ ಹುಬ್ಬುಗಳ ಮೇಲೆ ಕೂರುತ್ತಿತ್ತು. ಅಪ್ಪ ಬೀರಪ್ಪ ಆ ಶೆಡ್ಡಿನ ಜಾಬರ್, ಅಂದರೆ ಕೆಟ್ಟು ನಿಂತ ಮಗ್ಗವನ್ನು ಸರಿಮಾಡಿ ಓಡಿಸುವವನು. ಕೆಲಸ ಮಾಲಕರದ್ದು, ಖೋಲಿಯೂ ಮಾಲಕರದ್ದು. ಗಡಹಿಂಗ್ಲಜ ಕಡೆ ಕುರಿ ಕಾಯುತ್ತಿದ್ದ ಮಂದಿ ನಾವು. ಅಪ್ಪ ಹರೆಯದಲ್ಲಿ ಅಲ್ಲಿನ ತಾಲೀಮಿನ, ಅಂದರೆ ಗರಡಿಮನೆಯ, ಮಣ್ಣಿನಲ್ಲಿ ಕುಸ್ತಿ ಹಿಡಿದವನು. ಹೊಟ್ಟೆಪಾಡಿಗೆ ಇಚಲಕರಂಜಿಗೆ ಬಂದ ಮೇಲೆ ಅವನ ಮೈಯಲ್ಲಿ ಉಳಿದ ಕುಸ್ತಿ ಅಂದರೆ ಹಿಂಡಿ ಬಿಸಾಕಿದಂತಿದ್ದ ಎಡಗಿವಿ ಒಂದೇ.

ಉಳಿದ ಕುಸ್ತಿಯನ್ನೆಲ್ಲ ಅವನು ನನ್ನ ಅಣ್ಣ ಮಾಳುವಿನ ಮೈಗೆ ಹಾಕಿದ. ಪೈಲ್ವಾನ ಮಾಡಬೇಕಾದರೆ ಖುರಾಕು ಬೇಕು: ಎಮ್ಮೆಯ ಹಾಲು, ತುಪ್ಪ, ಬಾದಾಮಿ, ವಾರಕ್ಕೊಮ್ಮೆ ಮಟನ್. ಹಾಲು ಬಂದ ಕೂಡಲೇ ಅವ್ವ ಮಾಳುವಿನದನ್ನು ಹಿತ್ತಾಳೆಯ ದೊಡ್ಡ ಲೋಟಕ್ಕೆ ಸುರಿದು ಮುಚ್ಚಿಡುತ್ತಿದ್ದಳು. ಮಿಕ್ಕಿದ್ದಕ್ಕೆ ನೀರು ಬೆರೆತು ನಮ್ಮ ಚಹಾ ಆಗುತ್ತಿತ್ತು. ಅಕ್ಕ ಕಸ್ತೂರಿ ಮದುವೆಯಾಗಿ ಗಡಹಿಂಗ್ಲಜಕ್ಕೆ ಹೋಗುವ ತನಕ ನಾವಿಬ್ಬರೂ ಆ ಲೋಟವನ್ನು ತೊಳೆಯುವ ಮೊದಲು ಅದರ ಅಂಚಿಗೆ ಅಂಟಿದ ಕೆನೆಯನ್ನು ಬೆರಳಿನಿಂದ ಸವರಿ ತಿನ್ನುತ್ತಿದ್ದೆವು. ಇದರಲ್ಲಿ ಅನ್ಯಾಯ ಇದೆ ಅಂತ ಆಗ ನನಗೆ ಅನಿಸಲಿಲ್ಲ. ಮಗ್ಗಕ್ಕೆ ಎಣ್ಣೆ ಹಾಕಿದ ಹಾಗೆ, ಮಾಳುವಿಗೆ ಹಾಲು. ನಮ್ಮ ಮನೆತನದಲ್ಲಿ ಪದವಿ ಪಡೆದವಳು ನಾನೇ ಮೊದಲು. ಹಾಗೆಂದು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ನಾಲ್ಕು ಜನರ ಮುಂದೆ ನಿಂತು ಮಾತಾಡುವುದನ್ನು ಎಲ್ಲಿ ಕಲಿತಿರಿ ಎಂದು ಈಗ ಕೇಳುತ್ತಾರೆ. ಕೊಲ್ಹಾಪುರದ ಕಾಲೇಜಿನಲ್ಲಿ ಎಂಬ ಉತ್ತರ ಅವರಿಗೆ ಬೇಕಿರುತ್ತದೆ. ನಾನು ಕಲಿತದ್ದು ಆ ನಡುಗುವ ಗೋಡೆಯ ಪಕ್ಕದಲ್ಲಿ, ಅವ್ವನ ಒಲೆಗೂ ಒಬ್ಬ ರಶಿಯನ್ ಪೈಲ್ವಾನನ ತಟ್ಟೆಗೂ ನಡುವೆ ಕೂತು.

ಅವನು ಬಂದದ್ದು ಮಾಲಕರ ಹಠದಿಂದ. ಅವರಿಗೆ ತಮ್ಮದೇ ಒಂದು ತಾಲೀಮು ಇತ್ತು. ಮಣ್ಣಿನ ಕುಸ್ತಿಗೆ ಮೈದಾನದಲ್ಲಿ ಹೆಸರಿದೆ, ಸರಕಾರಿ ನೌಕರಿ ಇರುವುದು ಮ್ಯಾಟಿನ ಮೇಲೆ ಎಂದು ಯಾರೋ ಅವರ ತಲೆಗೆ ತುಂಬಿದ್ದರು. ತಾಲೀಮಿನ ಪಕ್ಕ ತಗಡಿನ ಪತ್ರಾ ಹೊದಿಸಿದ ಹಾಲ್ ಎದ್ದಿತು, ಒಳಗೆ ಮ್ಯಾಟು ಬಂತು, ಮ್ಯಾಟಿನ ಹಿಂದೆಯೇ ಕೋಚ್ ಬಂದ. ಹೆಸರು ಅರ್ಕಾದಿ. ಬಹಳ ವರ್ಷ ಹರಿಯಾಣದಲ್ಲಿ ಕಲಿಸಿದವನಂತೆ. ನಮ್ಮ ಖೋಲಿಯ ಮೇಲಿನ ಒಂಟಿ ಖೋಲಿಯನ್ನು ಮಾಲಕರು ಅವನಿಗೆ ಕೊಟ್ಟರು, ಊಟದ ಕೆಲಸ ಅವ್ವನಿಗೆ. ಮೊದಲ ದಿನ ಕಬ್ಬಿಣದ ಮೆಟ್ಟಿಲಿಳಿದು ಬಂದು ಬಾಗಿಲಲ್ಲಿ ನಿಂತಾಗ ಬೆಳಕೇ ಮುಚ್ಚಿಹೋಯಿತು. ಅವ್ವ ಸೆರಗು ಸರಿಮಾಡಿಕೊಂಡು ಅವನ ಮುಖದ ಕಡೆ ನೋಡಿದಳು, ಆಮೇಲೆ ಅಪ್ಪನ ಕಡೆ.

"ಏನ್ರಿ, ಇವರ ಕಿವಿ ನೋಡ್ರಿ. ಎರಡೂ ನಿಮ್ಮ ಕಿವಿ ಹಂಗ ಅದಾವು."

"ಪೈಲ್ವಾನ ಅಂದ ಮ್ಯಾಲ ಮತ್ತೇನ್ ಹೂವಿನಂಗ ಇರ್ತಾವೇನು?"

"ಹಂಗಾರ ನಮ್ಮವರ ಆದ್ರು ಬಿಡ್ರಿ," ಎಂದು ಅವ್ವ ತಟ್ಟೆ ಇಟ್ಟಳು. ವಾರ ಕಳೆಯುವುದರೊಳಗೆ ಅರ್ಕಾದಿ ನಮ್ಮ ಮನೆಯಲ್ಲಿ ಅರ್ಕಪ್ಪ ಆಗಿದ್ದ.

ಅವನ ಹಿಂದಿ ಹರಿಯಾಣದ ಗದ್ದೆಯಲ್ಲಿ ಹುಟ್ಟಿ ರಶಿಯಾದ ಮೂಗಿನಿಂದ ಹೊರಬರುತ್ತಿತ್ತು. ಅಪ್ಪನಿಗೆ ಮರಾಠಿ ಚೆನ್ನಾಗಿ ಬರುತ್ತಿತ್ತು, ಹಿಂದಿ ಸಿನಿಮಾದಷ್ಟು. ಅವ್ವನಿಗೆ ಕನ್ನಡ ಬಿಟ್ಟರೆ ಸಂತೆಯ ಮರಾಠಿ. ನಾನು ಒಂಬತ್ತನೇ ಇಯತ್ತೆಯ ಹುಡುಗಿ, ಶಾಲೆಯ ಹಿಂದಿ ಇತ್ತು, ಕಿವಿ ಚುರುಕಿತ್ತು. ಹಾಗಾಗಿ ಗಂಡಸರು ಉಣ್ಣುವಾಗ ಒಲೆಯ ಮರೆಯಲ್ಲಿರಬೇಕಾದ ನನ್ನನ್ನು ಅಪ್ಪನೇ ಕರೆದು ಕೂರಿಸಿದ. "ಲೀಲಾ, ಏನಂತಾನ ಹೇಳು." ನಾನು ಪ್ರತಿ ಮಾತಿಗೂ ಮೊದಲು "ಕೋಚ್ ಅಂತಾರ" ಸೇರಿಸಿ ಹೇಳುತ್ತಿದ್ದೆ. ಕೋಚ್ ಅಂತಾರ, ಖಾರ ಭಾಳ ಆತು. ಕೋಚ್ ಅಂತಾರ, ಮಾಳುಗ ತುಪ್ಪ ಕಡಿಮಿ ಮಾಡ್ರಿ, ಬ್ಯಾಳಿ ಹೆಚ್ಚ ಹಾಕ್ರಿ. ಒಮ್ಮೆ ಅವನು ತನ್ನ ತಟ್ಟೆಯ ಬೇಯಿಸಿದ ಮೊಟ್ಟೆಯನ್ನು ನನ್ನ ಕೈಗೆ ಇಟ್ಟು ಏನೋ ಅಂದ. "ಕೋಚ್ ಅಂತಾರ, ಮಾತಾಡೂದೂ ಕೆಲಸನ, ಈ ಹುಡುಗಿಗೂ ಖುರಾಕು ಬೇಕು." ಅಪ್ಪ ನನ್ನನ್ನು ದಿಟ್ಟಿಸಿ ನೋಡಿದ. ಅದು ಅವನೇ ಹೇಳಿದ್ದೋ, ನಾನು ಕಟ್ಟಿದ್ದೋ ಎಂಬ ಅನುಮಾನ ಅವನಿಗೆ. ನಿಜಕ್ಕೂ ಅದು ಕೋಚ್ ಹೇಳಿದ್ದೇ ಆಗಿತ್ತು. ಆ ಮೊಟ್ಟೆಯನ್ನು ಎಲ್ಲರೂ ನೋಡುತ್ತಿರುವಾಗಲೇ ತಿಂದೆ. ಅಪ್ಪನ ಎದುರು ಕೂತು ನಾನು ತಿಂದದ್ದು ಅದೇ ಮೊದಲು.

ಅವನು ಕಲಿಸುವ ರೀತಿ ತಾಲೀಮಿನವರಿಗೆ ವಿಚಿತ್ರವಾಗಿತ್ತು. ನಮ್ಮ ವಸ್ತಾದರು, ಅಂದರೆ ತಾಲೀಮಿನ ಗುರುಗಳು, ಕಟ್ಟೆಯ ಮೇಲೆ ಕೂತು ಬೈದು ಕಲಿಸುವವರು. ಅರ್ಕಪ್ಪ ತಾನೇ ಕೆಳಗೆ ಬಿದ್ದು ಕಲಿಸುತ್ತಿದ್ದ. ಹುಡುಗರ ಕೈಗೆ ತನ್ನ ಮೈ ಕೊಟ್ಟು, ಎತ್ತಿ ಒಗೆಯಿರಿ ಎನ್ನುತ್ತಿದ್ದ. ಮಾಳುವಿನ ಜೊತೆ ಅವನ ಜಗಳ ಒಂದೇ ವಿಷಯಕ್ಕೆ. ಮಣ್ಣಿನ ಕುಸ್ತಿಯಲ್ಲಿ ಎದುರಿನವನ ಎರಡೂ ಭುಜ ಮಣ್ಣಿಗೆ ತಾಗಿದರೆ ಅದೇ ಚೀತ್. ಅಲ್ಲಿಗೆ ಕುಸ್ತಿ ಮುಗಿಯಿತು. ಗೆದ್ದವನು ಬಿಟ್ಟು ಏಳುತ್ತಾನೆ, ಮಂದಿ ಎತ್ತಿಕೊಳ್ಳುತ್ತಾರೆ. ಮ್ಯಾಟಿನಲ್ಲಿ ಭುಜ ತಾಗಿಸಿದರೆ ಸಾಲದು. ರೆಫರಿ ಬಗ್ಗಿ ನೋಡಿ ಅಂಗೈಯಿಂದ ಮ್ಯಾಟನ್ನು ಬಡಿಯುವ ತನಕ ಒತ್ತಿ ಹಿಡಿದಿರಬೇಕು. ಮಾಳು ಒಗೆಯುತ್ತಿದ್ದ, ತಾಗಿಸುತ್ತಿದ್ದ, ಎದ್ದುಬಿಡುತ್ತಿದ್ದ. ಅರ್ಕಪ್ಪ ಊಟದ ನಡುವೆಯೂ ನೆಲ ಬಡಿದು ಕೇಳುವನು: "ಥಪ್ ಸುನಾ? ನಹೀ ಸುನಾ? ತೋ ಛೋಡಾ ಕ್ಯೋಂ?" ಬಡಿತ ಕೇಳಲಿಲ್ಲವಾದರೆ ಬಿಟ್ಟೆ ಯಾಕೆ ಎಂದು. ಅವ್ವ ನಗುವಳು: "ಅವರ ಅಪ್ಪಾ ಅಜ್ಜಾ ಎಲ್ಲಾ ಎದ್ದ ನಿಂತವರ. ಅಂವಾ ಹೆಂಗ ಮಲಗಿ ಇರ್ತಾನ?" ಒಂದು ವರ್ಷದಲ್ಲಿ ಮಾಳು ಆ ತಾಲೀಮಿನಲ್ಲಿ ಎಲ್ಲರಿಗಿಂತ ಮುಂದೆ ಹೋದ. ತೊಂದರೆ ಶುರುವಾದದ್ದು ಅಲ್ಲಿಂದಲೇ.

ಮಳೆಗಾಲ ಹಿಡಿದ ಮೇಲೆ ಕೊಲ್ಹಾಪುರದಲ್ಲಿ ಆಯ್ಕೆಯ ಕುಸ್ತಿಗಳು ಇವೆ ಎಂಬ ಸುದ್ದಿ ಬಂತು. ಒಂದೊಂದು ತೂಕದಲ್ಲಿ ಗೆದ್ದ ಒಬ್ಬನಿಗೆ ಸರಕಾರದ ಕ್ಯಾಂಪಿನಲ್ಲಿ ಜಾಗ, ಊಟ ವಸತಿ, ಮುಂದೆ ನೌಕರಿಯ ದಾರಿ. ನಮ್ಮಂಥವರ ಮನೆಗೆ ಅದು ಏನೆಂದು ಬಿಡಿಸಿ ಹೇಳಬೇಕಿಲ್ಲ: ಮಗ್ಗದ ಗೋಡೆಯಿಂದ ದೂರದ ಒಂದು ಸಂಬಳ. ಆದರೆ ಒಂದು ತಾಲೀಮಿನಿಂದ ಒಂದು ತೂಕಕ್ಕೆ ಒಬ್ಬನ ಹೆಸರು ಮಾತ್ರ. ಮಾಳುವಿನ ತೂಕದಲ್ಲೇ ಮಾಲಕರ ಅಕ್ಕನ ಮಗ ರಣಜಿತ ಇದ್ದ. ಒಂದು ದಿನ ಮಾಲಕರೇ ನಮ್ಮ ಬಾಗಿಲಿಗೆ ಬಂದರು. ಅವ್ವ ಕುರ್ಚಿ ಒರೆಸಿ ಇಟ್ಟಳು. ಅವರು ಕೂರಲಿಲ್ಲ.

"ಬೀರಪ್ಪಾ, ಮಾಳೂಲಾ ಖಾಲಚ್ಯಾ ವಜನಾತ ಖೇಳೂ ದೇ. ತಿಥಂ ತೋ ಜಿಂಕತೋಯ."

ಮಾಳು ಕೆಳಗಿನ ತೂಕದಲ್ಲಿ ಆಡಲಿ, ಅಲ್ಲಿ ಗೆಲ್ಲುತ್ತಾನೆ ಎಂದು ಇದರ ಅರ್ಥ. ರಣಜಿತನ ಹೆಸರನ್ನು ಅವರು ಎತ್ತಲಿಲ್ಲ, ಅಪ್ಪನೂ ಎತ್ತಲಿಲ್ಲ.

"ಹೋಯ, ಮಾಲಕ," ಎಂದು ಅಪ್ಪ ಒಪ್ಪಿಕೊಂಡ. ಅರ್ಕಪ್ಪ ಮೆಟ್ಟಿಲ ಮೇಲೆ ನಿಂತು ಕೇಳುತ್ತಿದ್ದ. ಅವನಿಗೂ ಪಗಾರ ಕೊಡುವವರು ಅವರೇ. ತಲೆ ಬಗ್ಗಿಸಿ ಒಳಗೆ ಹೋದ.

ಕೆಳಗಿನ ತೂಕ ಅಂದರೆ ಎಂಟು ಕಿಲೋ ಇಳಿಯಬೇಕು. ಹದಿನೆಂಟರ ಹುಡುಗ, ಮೈಯಲ್ಲಿ ಕೊಬ್ಬೇ ಇಲ್ಲ. ಇಳಿಸುವುದಾದರೆ ಇಳಿಸುವುದು ಎಲ್ಲಿಂದ? ಹಿತ್ತಾಳೆಯ ಲೋಟ ಬೋರಲು ಬಿತ್ತು. ಇಷ್ಟು ವರ್ಷ ತುಂಬಿಸಿದ ಮನೆ ಈಗ ಬರಿದು ಮಾಡಲು ಕೂತಿತು. ಬೆಳಗ್ಗೆ ಒಂದು ರೊಟ್ಟಿ, ಸಂಜೆ ಕುದಿಸಿದ ಬೇಳೆ. ನೂಲಿನ ಕೋನುಗಳು ಬರುವ ಪ್ಲಾಸ್ಟಿಕ್ ಚೀಲಕ್ಕೆ ತೋಳು ಕತ್ತರಿಸಿ ಅಂಗಿಯ ಒಳಗೆ ಹಾಕಿಸಿ ಓಡಿಸುತ್ತಿದ್ದರು. ಓಡಿದ ಮೇಲೆ ಸೈಜಿಂಗ್ ಕಾರಖಾನೆ. ನೂಲಿಗೆ ಗಂಜಿ ಹಚ್ಚಿ ಉಗಿಯ ಡ್ರಮ್ಮಿನ ಮೇಲೆ ಒಣಗಿಸುವ ಆ ಶೆಡ್ಡಿನಲ್ಲಿ ಕೆಲಸದವರೇ ಬರಿಮೈಯಲ್ಲಿ ಇರುತ್ತಾರೆ. ಅಲ್ಲಿ ಅಣ್ಣನನ್ನು ಕಂಬಳಿ ಹೊದಿಸಿ ಕೂರಿಸುತ್ತಿದ್ದರು. ನಾನು ಅವನಿಗೆ ಒಣ ಅಂಗಿ ಒಯ್ದು ಬಾಗಿಲಲ್ಲಿ ನಿಲ್ಲುತ್ತಿದ್ದೆ. ಹೊರಗೆ ಬಂದಾಗ ಅವನು ನನ್ನ ಗುರುತೇ ಇಲ್ಲದವನ ಹಾಗೆ ನೋಡುತ್ತಿದ್ದ. ಮನೆಯಲ್ಲಿ ನೀರಿನ ಕೊಡ ನನ್ನ ಕಾವಲಿಗೆ ಬಂತು, ಅವ್ವನ ಮೇಲೆ ಅಪ್ಪನಿಗೆ ನಂಬಿಕೆ ಇರಲಿಲ್ಲ.

"ಲೀಲವ್ವಾ, ಒಂದ ಗುಟುಕು."

"ಇಲ್ಲಣ್ಣಾ."

"ಬಾಯಿ ಮುಕ್ಕಳಿಸಿ ಉಗಳತೇನಿ. ನುಂಗಂಗಿಲ್ಲ."

"ನಿನ್ನೆನೂ ಹಿಂಗ ಅಂದಿ, ನುಂಗಿದಿ."

ಲೋಟ ನನ್ನ ಕಿವಿಯ ಪಕ್ಕದಿಂದ ಹಾರಿ ಗೋಡೆಗೆ ಬಡಿಯಿತು. ಮಗ್ಗದ ಸದ್ದಿನಲ್ಲಿ ಅದು ಬಿದ್ದದ್ದೂ ಕೇಳಿಸಲಿಲ್ಲ. ನಮ್ಮನ್ನು ಎಂದೂ ಹೊಡೆಯದ ಅಣ್ಣ ಅವನು. ತುಟಿ ಸೀಳಿ ರಕ್ತ ಒಸರುತ್ತಿತ್ತು, ಕೆನ್ನೆ ಒಳಗೆ ಹೋಗಿ ಕಿವಿ ಇನ್ನೂ ದೊಡ್ಡದಾಗಿ ಕಾಣುತ್ತಿತ್ತು. ನಾವು ಉಣ್ಣುವಾಗ ಹೊರಗೆ ಹೋಗೆಂದರೆ ಹೋಗುತ್ತಿರಲಿಲ್ಲ. ಎದುರು ಕೂತು ನಮ್ಮ ಬಾಯಿಗಳನ್ನು ನೋಡುತ್ತಿದ್ದ. ಆ ದಿನಗಳಲ್ಲಿ ಅವ್ವ, ಅಪ್ಪ ಒಬ್ಬರಿಗೊಬ್ಬರು ಮಾತಾಡಿದ್ದೆಲ್ಲ ಜಗಳವೇ.

"ತುಂಬಸು ಅಂದ್ರಿ, ತುಂಬಿಸಿದ್ನಿ. ಈಗ ಸೊರಗಸು ಅಂತೀರಿ. ಅಂವಾ ಮನಷಾ ಅದಾನೋ, ಮಾಲಕರ ಮಗ್ಗ ಅದಾನೋ? ಬೇಕಂದಾಗ ಬಿಗಿ ಮಾಡಾಕ, ಬ್ಯಾಡಂದಾಗ ಸಡ್ಲ ಮಾಡಾಕ?"

"ಬಾಯಿ ಮುಚ್ಚು. ತಲಿ ಮ್ಯಾಲಿನ ಪತ್ರಾ ಯಾರದೈತಿ ನೋಡು ಒಮ್ಮೆ."

"ಪತ್ರಾ ನೋಡಿ ಹಡದಿಲ್ಲ ನಾ ಅವನ್ನ."

ಇದರ ನಡುವೆ ಪಂಚಮಿ ಬಂತು, ಅಕ್ಕ ಗಡಹಿಂಗ್ಲಜದಿಂದ ಉಂಡಿಯ ಡಬ್ಬಿ ಹೊತ್ತು ತವರಿಗೆ ಬಂದಳು. ಶೇಂಗಾದುಂಡಿ, ಎಳ್ಳುಂಡಿ, ತಂಬಿಟ್ಟು. ತಮ್ಮನನ್ನು ನೋಡಿ ಡಬ್ಬಿಯನ್ನು ಬಾಗಿಲಲ್ಲೇ ಇಟ್ಟುಬಿಟ್ಟಳು. "ಅವ್ವಾ, ಇವಗ ಏನಾಗೈತಿ? ದವಾಖಾನಿಗೆ ತೋರಸೀರೇನು?" ಆಯ್ಕೆಗೆ ಇನ್ನು ಒಂದೇ ವಾರ ಉಳಿದಿತ್ತು, ಇಳಿಯಬೇಕಾದ ತೂಕ ಇನ್ನೂ ಅರ್ಧ ಉಳಿದಿತ್ತು. ಬೆಳಗ್ಗೆ ನಾವು ಅಕ್ಕತಂಗಿಯರು ಮಣ್ಣಿನ ನಾಗಪ್ಪನಿಗೆ ಹಾಲೆರೆಯಲು ಕೂತೆವು. ನಮ್ಮ ಕಡೆ ಮನೆಯ ಒಬ್ಬೊಬ್ಬರ ಹೆಸರು ಹೇಳಿ ಅವರ ಪಾಲಿನ ಹಾಲೆರೆಯುತ್ತಾರೆ. ಅಪ್ಪನ ಪಾಲು, ಅವ್ವನ ಪಾಲು, ಅಣ್ಣನ ಪಾಲು. ಅಕ್ಕ ಮೆಟ್ಟಿಲ ಕಡೆ ನೋಡಿ, "ಅರ್ಕಪ್ಪನ ಪಾಲು" ಎಂದು ಒಂದು ಚಮಚ ಹೆಚ್ಚಿಗೆ ಎರೆದಳು. ಕಂಬಕ್ಕೆ ಒರಗಿ ಕೂತಿದ್ದ ಮಾಳು ಹಾಲು ಮಣ್ಣಿಗೆ ಇಳಿಯುವುದನ್ನೇ ನೋಡುತ್ತಿದ್ದ. "ನಾಗಪ್ಪಗ ತೂಕ ಇಲ್ಲೇನ?" ಎಂದ. ಅಕ್ಕ ಅತ್ತುಬಿಟ್ಟಳು.

ಹಬ್ಬವೆಂದು ಮಗ್ಗಗಳು ನಿಂತಿದ್ದವು. ಸದ್ದಿಲ್ಲದ ಆ ಮನೆಯಲ್ಲಿ ಎಲ್ಲರೂ ತಮ್ಮ ತಮ್ಮ ದನಿಗೆ ತಾವೇ ಬೆಚ್ಚುತ್ತಿದ್ದೆವು. ಮಧ್ಯಾಹ್ನ ಅಪ್ಪನಿಗೂ ಅರ್ಕಪ್ಪನಿಗೂ ತಟ್ಟೆ ಹಾಕಿದ ಅವ್ವ ಬಡಿಸುವ ಕೈಯನ್ನು ಅಲ್ಲೇ ನಿಲ್ಲಿಸಿ ನನಗೆ ಹೇಳಿದಳು:

"ಕೇಳು ಅವರನ್ನ. ಇವರವ್ವನೂ ಇವರನ್ನ ಹಿಂಗ ಹಸದ ಕೂಡಿಸಿದ್ಲೇನು, ಕೇಳು."

ಕೇಳಿದೆ. ಅರ್ಕಪ್ಪ ರೊಟ್ಟಿ ಮುರಿಯಲಿಲ್ಲ. ಮಾಳುವಿನ ಕಡೆ ನೋಡುತ್ತ ಮೆಲ್ಲಗೆ, ತುಂಡು ತುಂಡಾಗಿ ಹೇಳಿದ. ನಾನು ಒಂದೊಂದೇ ತುಂಡನ್ನು ಕನ್ನಡಕ್ಕೆ ತಂದೆ. ಅವನ ಊರಲ್ಲಿ ಹಿಮ, ಒಂದು ಉಕ್ಕಿನ ಕಾರಖಾನೆ, ಕಾರಖಾನೆಯವರದೇ ಕುಸ್ತಿ ಹಾಲ್. ಅವನಿಗೂ ಅವನದೇ ಆದ ತೂಕ ಇತ್ತು, ಆ ತೂಕದಲ್ಲಿ ಅವನನ್ನು ಕೆಡವುವವರು ಕಡಿಮೆ. ಅದೇ ತೂಕಕ್ಕೆ ಇನ್ನೊಬ್ಬ ಬಂದ, ಅಲ್ಲಿನ ಕೋಚ್‌ನ ಮೆಚ್ಚಿನ ಹುಡುಗ. ಕೋಚ್ ಇವನಿಗೆ, ನೀನು ಕೆಳಗಿಳಿ ಅಂದ. ಇಳಿದ. ವರ್ಷಗಟ್ಟಲೆ ಉಗಿಯ ಖೋಲಿಯಲ್ಲಿ ಕೂತು ಇಳಿದ. ಕೆಲವು ಕುಸ್ತಿ ಗೆದ್ದ, ಹೆಚ್ಚು ಸೋತ. ಕೊನೆಗೆ ಒಂದು ದೊಡ್ಡ ಕುಸ್ತಿಯ ದಿನ ತಕ್ಕಡಿ ಇಳಿದು ಮ್ಯಾಟಿಗೆ ಹೋದರೆ ಕಾಲುಗಳೇ ಇರಲಿಲ್ಲ. ಬಿದ್ದವನನ್ನು ದವಾಖಾನೆಗೆ ಒಯ್ದರು, ಕಿಡ್ನಿ ಕೆಟ್ಟಿತ್ತು. ಗುಣವಾಗಿ ಬಂದ ಮೇಲೆ ಆ ಇನ್ನೊಬ್ಬನಿಗೆ ಅಭ್ಯಾಸ ಮಾಡಿಸುವ ಕೆಲಸ ಕೊಟ್ಟರು. ಅಂದರೆ ದಿನಾಲೂ ಅವನ ಕೈಯಲ್ಲಿ ಬೀಳುವ ಕೆಲಸ. ಆ ಇನ್ನೊಬ್ಬ ದೇಶಕ್ಕೆ ಆಡಿದ. ಇವನು ಬೀಳುತ್ತ ಬೀಳುತ್ತ ಬೀಳುವುದನ್ನು ಎಲ್ಲರಿಗಿಂತ ಚೆನ್ನಾಗಿ ಕಲಿತ. ಅದಕ್ಕೇ ಇವನನ್ನು ಕೋಚ್ ಮಾಡಿದರು.

ಇಷ್ಟು ಹೇಳಿ ಅವನು ತಟ್ಟೆಯ ಕಡೆ ನೋಡಿದ. ನಾನು ನಿಲ್ಲಿಸಲಿಲ್ಲ.

"ಕೋಚ್ ಅಂತಾರ, ಅಣ್ಣನ್ನ ಇಳಸೂದು ತಪ್ಪು. ಕೋಚ್ ಅಂತಾರ, ರಣಜಿತ ಅಣ್ಣನ ಕೈಯಾಗ ಸೋಲ್ತಾನ ಅನ್ನೂದು ಮಾಲಕರಿಗೂ ಗೊತ್ತೈತಿ, ನಿಮಗೂ ಗೊತ್ತೈತಿ. ಕೋಚ್ ಅಂತಾರ, ಮಾಲಕರ ಪತ್ರಾದ ಸಲುವಾಗಿ ನಿಮ್ಮ ಮಗನ ಮೈ ಕರಗಿಸಾಕತ್ತೀರಿ. ಅಂವಾ ತನ್ನ ತೂಕದಾಗನ ಆಡಬೇಕು..."

"ಲೀಲಾ." ಅಪ್ಪನ ದನಿ ಏರಿರಲಿಲ್ಲ. "ಅಂವಾ ಬಾಯಿ ಮುಚ್ಚಿ ಭಾಳ ಹೊತ್ತಾತು. ನೀ ಯಾರ ಮಾತ ಹೇಳಾಕತ್ತಿ?"

ಮಗ್ಗದ ಸದ್ದಿದ್ದರೆ ನಾನು ಕೇಳಿಸದ ಹಾಗೆ ಇದ್ದುಬಿಡಬಹುದಿತ್ತು.

"ನನ್ನವು, ಅಪ್ಪಾ."

ಅಪ್ಪ ಎದ್ದ. ಕೈ ಮೇಲೆ ಹೋಯಿತು. ನಾನು ಕಣ್ಣು ಮುಚ್ಚಲಿಲ್ಲ. ಅದನ್ನು ಇವತ್ತಿಗೂ ಹೆಮ್ಮೆಯಿಂದಲೇ ನೆನೆಯುತ್ತೇನೆ. ಆದರೆ ಹೊಡೆತ ಬೀಳುವ ಮೊದಲೇ ಡಬ್ಬಿಯ ಮುಚ್ಚಳ ತೆರೆದ ಸದ್ದಾಯಿತು. ಮಾಳು ಒಂದು ಶೇಂಗಾದುಂಡಿಯನ್ನು ಇಡಿಯಾಗಿ ಬಾಯಿಗೆ ಹಾಕಿಕೊಂಡಿದ್ದ.

"ಉಗಳು!" ಅಪ್ಪ ಅತ್ತ ತಿರುಗಿದ. "ಮಾಳ್ಯಾ, ಉಗಳು ಅದನ್ನ!"

ಒಣಗಿದ ಬಾಯಿ, ಜಗಿಯಲೂ ಎಂಜಲಿಲ್ಲ. ಅವನ ಗಂಟಲು ಏರಿಳಿಯುವುದನ್ನು ನಾವೆಲ್ಲ ನೋಡುತ್ತ ಕೂತೆವು. ನುಂಗಿದ. ಕೊಡದ ಕಡೆ ಕೈ ಚಾಚಿದ. ನಾನು ನೀರು ತುಂಬಿ ಕೊಟ್ಟೆ. ಗಟಗಟನೆ ಕುಡಿದು ಇನ್ನೊಂದು ಉಂಡಿ ತೆಗೆದುಕೊಂಡ.

"ಅವ್ವ ಹೇಳಿದ್ಲು, ನೀ ಹೇಳಿದಿ, ಮಾಲಕ ಹೇಳಿದ್ರು, ಈಗ ಇಕಿನೂ ಹೇಳಿದ್ಲು. ನನ್ನ ಒಬ್ರೂ ಕೇಳಲಿಲ್ಲ," ಎಂದ. "ಹಸದ ಹೊಟ್ಟಿಲೆ ರಣ್ಯಾನ ಹಾದಿ ಬಿಡೂದಕಿಂತ, ಉಂಡ ಹೊಟ್ಟಿಲೆ ಅವನ ಕೈಯಾಗ ಬೀಳತೇನಿ. ಬಿದ್ರ ಬಿದ್ನಿ."

ಅಪ್ಪ ಚಪ್ಪಲಿ ಮೆಟ್ಟಿ ಹೊರಗೆ ಹೋದ. ಕತ್ತಲಾಗುವ ತನಕ ನಿಂತ ಮಗ್ಗಗಳ ನಡುವೆ ಒಬ್ಬನೇ ಓಡಾಡುತ್ತಿದ್ದನಂತೆ. ಬಂದವನೇ ಅಕ್ಕನನ್ನು ಕೇಳಿದ:

"ನಿಮ್ಮೂರ ತಾಲೀಮಿನ ಮುದಕ ವಸ್ತಾದ ಇನ್ನೂ ಅದಾನೇನು?"

"ಅದಾರಪ್ಪಾ. ಕಣ್ಣ ಹೋಗ್ಯಾವು, ಬೈಗುಳ ಹಂಗ ಅದಾವು."

ಮರುದಿನ ಅಪ್ಪ ಮಾಳುವನ್ನು ಕರೆದುಕೊಂಡು ಅಕ್ಕನ ಜೊತೆಗೇ ಗಡಹಿಂಗ್ಲಜದ ಬಸ್ಸು ಹತ್ತಿದ. ತನ್ನ ಹಳೆಯ ತಾಲೀಮಿನಿಂದ, ಮಾಳುವಿನದೇ ತೂಕದಲ್ಲಿ, ಮಾಳುವಿನ ಹೆಸರು ಕೊಟ್ಟು ಬಂದ. ಮ್ಯಾಟಿನ ಮುಖ ನೋಡದ ತಾಲೀಮು ಅದು. ವಸ್ತಾದ ಮಾಳುವಿನ ಕತ್ತು, ಹೆಗಲು ಮುಟ್ಟಿ ನೋಡಿ, ಬೀರ್ಯಾ, ಕುರಿ ಹಿಂಗ ಸೊರಗಿದ್ರ ಮಾರತಿದ್ದೇನೋ ಎಂದು ಬೈದನಂತೆ. ಮಾಲಕರಿಗೆ ಸುದ್ದಿ ಮುಟ್ಟಲು ಒಂದು ದಿನವೂ ಬೇಕಾಗಲಿಲ್ಲ. ಅವರು ಕೂಗಾಡಲಿಲ್ಲ. ದೀಪಾವಳಿಯೊಳಗೆ ಖೋಲಿ ಬಿಡು, ಕೆಲಸವನ್ನೂ ಬೇರೆ ಕಡೆ ನೋಡಿಕೋ ಎಂದಷ್ಟೇ ಹೇಳಿ ಕಳಿಸಿದರು. ಅರ್ಕಪ್ಪನಿಗೆ ಹೇಳಿದ್ದು ಇನ್ನೂ ಚಿಕ್ಕದು: ಕೊಲ್ಹಾಪುರದಲ್ಲಿ ನೀನು ರಣಜಿತನ ಮೂಲೆಯಲ್ಲಿ ಕೂರುವವನು. ಆ ವಾರ ಪೂರ್ತಿ ಅವ್ವ ಮಾಳುವಿಗೆ ಉಣಿಸಿದಳು. ಅರ್ಕಪ್ಪ ಅದೇ ಒಲೆಯ ಮುಂದೆ ಕೂತು ಉಂಡ, ಕುಸ್ತಿಯ ಮಾತು ಒಂದೂ ಆಡಲಿಲ್ಲ.

ಕೊಲ್ಹಾಪುರದ ಆ ದೊಡ್ಡ ಹಾಲಿಗೆ ಗಡಹಿಂಗ್ಲಜದವರು ಒಂದು ಟೆಂಪೋ ತುಂಬ ಬಂದಿದ್ದರು, ಹಲಗೆ ಬಾರಿಸುವವನ ಸಮೇತ. ಮೈದಾನದ ಕುಸ್ತಿಗೆ ಹಲಗೆ ಇಲ್ಲದೆ ಹೋಗುವುದು ಅವರಿಗೆ ಗೊತ್ತಿರಲಿಲ್ಲ. ಮೇಲೆ ಮೆಟ್ಟಿಲ ಮೇಲೆ ಅವ್ವ, ಅಕ್ಕ, ನಾನು ಒಬ್ಬರ ಕೈ ಒಬ್ಬರು ಹಿಡಿದು ಕೂತೆವು. ಕೆಳಗೆ ಮಾಳುವಿನ ಮೂಲೆಯಲ್ಲಿ ಅಪ್ಪ ಮತ್ತು ಕಣ್ಣು ಕಾಣದ ವಸ್ತಾದ. ಎದುರು ಮೂಲೆಯಲ್ಲಿ ಟವೆಲ್ ಹಿಡಿದ ಅರ್ಕಪ್ಪ. ಅವ್ವ ಅವನ ಕಡೆ ನೋಡಲೊಲ್ಲಳು. ಮಾಳು ಒಂದೆರಡು ಕುಸ್ತಿ ಗೆದ್ದ, ರಣಜಿತನೂ ಗೆದ್ದ. ಕೊನೆಯದಕ್ಕೆ ಇಬ್ಬರೂ ಎದುರಾದರು, ಗೆದ್ದವನಿಗೆ ಕ್ಯಾಂಪು. ವಾರದ ಊಟ ತಿಂಗಳ ಹಸಿವನ್ನು ಪೂರ್ತಿ ತುಂಬಿರಲಿಲ್ಲ. ಮಾಳುವಿನ ಉಸಿರು ಬೇಗ ಏರುತ್ತಿತ್ತು, ಪಾಯಿಂಟುಗಳಲ್ಲಿ ಸ್ವಲ್ಪ ಹಿಂದಿದ್ದ. ಆಗ ರಣಜಿತ ಕಾಲಿಗೆ ನುಗ್ಗಿದ. ಮಾಳು ಅವನ ಕಂಕುಳಲ್ಲಿ ಕೈ ತೂರಿಸಿ, ಸೊಂಟ ತಿರುಗಿಸಿ, ಇಡೀ ಮೈಯನ್ನು ಗಾಳಿಯಲ್ಲಿ ಎತ್ತಿ ಬೆನ್ನ ಮೇಲೆ ಕೆಡವಿದ. ಎರಡೂ ಭುಜ ಮ್ಯಾಟಿಗೆ ತಾಗಿದ್ದು ನಮಗೆ ಮೇಲಿನಿಂದಲೇ ಕಂಡಿತು.

"ಚೀತ್!" ಎಂದು ಅಪ್ಪ ಕಿರುಚಿದ. "ಚೀತ್ ಐತಿ! ಬಿಡು, ಏಳು!" ಹಲಗೆ ಬಡಿಯತೊಡಗಿತು. ಟೆಂಪೋದಲ್ಲಿ ಬಂದವರು ಎದ್ದು ತಲೆಯ ಪಟಗಾ ಬಿಚ್ಚಿ ಹಾರಿಸಿದರು. ಮಾಳು ಬಿಟ್ಟ. ಎದ್ದ. ನೆಲ ಮುಟ್ಟಿ ಹಣೆಗೆ ಹಚ್ಚಿಕೊಂಡು, ವಸ್ತಾದನ ಕಾಲಿಗೆ ಬೀಳಲು ಮೂಲೆಯ ಕಡೆ ತಿರುಗಿದ. ರೆಫರಿ ಇನ್ನೂ ಬಗ್ಗುತ್ತಿದ್ದ, ಮ್ಯಾಟು ಬಡಿದಿರಲಿಲ್ಲ. ರಣಜಿತ ಹಾಗೇ ಅಂಗಾತ ಬಿದ್ದಿದ್ದ. ಸೋತೆ ಎಂದು ಅವನೂ ನಂಬಿದ್ದ, ಅವನೂ ಮಣ್ಣಿನಲ್ಲಿ ಬೆಳೆದವನೇ ಅಲ್ಲವೇ. ಆ ಗದ್ದಲದಲ್ಲಿ ಒಂದೇ ದನಿ ಬೇರೆಯಾಗಿ ಕೇಳಿತು. ಅರ್ಕಪ್ಪ ಮಂಡಿಯೂರಿ ಮ್ಯಾಟಿನ ಅಂಚಿಗೆ ಬಾಗಿ ಚೀರುತ್ತಿದ್ದ: "ಉಠ್! ಉಠ್, ರಣಜಿತ! ಖತಮ್ ನಹೀ!" ರಣಜಿತ ಎದ್ದ. ಬೆನ್ನು ತಿರುಗಿಸಿ ನಿಂತಿದ್ದ ನನ್ನ ಅಣ್ಣನನ್ನು ಹಿಂದಿನಿಂದ ಹಿಡಿದು ಕೆಡವಿ, ರೆಫರಿಯ ಅಂಗೈ ಮ್ಯಾಟಿಗೆ ಬೀಳುವ ತನಕ ಒತ್ತಿ ಹಿಡಿದ. ಹಲಗೆಯವನು ಯಾರು ಗೆದ್ದರೆಂದು ತಿಳಿಯದೆ ಇನ್ನೂ ಬಡಿಯುತ್ತಲೇ ಇದ್ದ.

ಕ್ಯಾಂಪಿಗೆ ರಣಜಿತ ಹೋದ. ಮುಂದೆ ನಾವು ಪಕ್ಕದ ಯಡ್ರಾವಕ್ಕೆ ಹೋದೆವು. ಅಪ್ಪ ಬೇರೆ ಶೆಡ್ಡು ಹಿಡಿದ. ಮಾಳು ಎರಡು ವರ್ಷ ಮಗ್ಗ ನಡೆಸಿ, ಈಗ ಅಲ್ಲಿಯೇ ಹುಡುಗರಿಗೆ ಕುಸ್ತಿ ಕಲಿಸುತ್ತಾನೆ. ನಾನು ಓದಿದೆ. ಆದರೆ ನನಗೆ ಹೇಳಬೇಕಾದ್ದು ಆ ದಿನದ ಸಂಜೆಯದ್ದು. ಕೊಲ್ಹಾಪುರದಿಂದ ಬಂದು ಅವ್ವ ಒಲೆ ಹಚ್ಚಿದಳು, ಮಾಳು ಒಳಗಿನ ಖೋಲಿಯಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಅರ್ಕಪ್ಪ ಊಟಕ್ಕೆ ಬರುವುದಿಲ್ಲ ಎಂದೇ ಅಂದುಕೊಂಡಿದ್ದೆವು. ಕಬ್ಬಿಣದ ಮೆಟ್ಟಿಲು ಸದ್ದು ಮಾಡಿತು. ಬಂದ, ತನ್ನ ಜಾಗದಲ್ಲಿ ಕೂತ. ಅವ್ವ ಅವನನ್ನೂ ನೋಡಿದಳು, ಅಪ್ಪನನ್ನೂ ನೋಡಿದಳು. ಬಡಿಸಲೋ ಬೇಡವೋ ಎಂದು ಕೇಳುವ ನೋಟ. ಅವ್ವ ತಟ್ಟೆಯನ್ನು ನೆಲಕ್ಕೆ ಕುಕ್ಕಿ ಇಟ್ಟಳು. ಇಬ್ಬರೂ ಒಂದು ತುತ್ತೂ ಮುಟ್ಟಲಿಲ್ಲ.

"ಲೀಲಾ, ಕೇಳು ಅವನ್ನ," ಎಂದ ಅಪ್ಪ. "ಆ ಹುಡುಗ ಸೋತೆ ಅಂತ ತಾನ ಮಲಗಿದ್ದ. ಸುಮ್ಮ ಕುಂತಿದ್ರ ಸಾಕಿತ್ತು. ಏಳು ಅಂತ ಯಾಕ ಚೀರಿದಿ? ಹಿಂಗ ಕೇಳು. ನಿಂದೇನೂ ಸೇರಸಬ್ಯಾಡ."

ಕೇಳಿದೆ. ನನ್ನದೊಂದೂ ಸೇರಿಸಲಿಲ್ಲ. ಅರ್ಕಪ್ಪ ತನ್ನ ಅಂಗೈಗಳನ್ನು ನೋಡಿಕೊಂಡ. ಆಮೇಲೆ ತಲೆಯೆತ್ತಿ ನನ್ನ ಕಡೆ ತಿರುಗದೆ ನೇರ ಅಪ್ಪನಿಗೇ ಹೇಳಿದ:

"ವೋ ಭೀ ಮೇರಾ ಲಡಕಾ." ಒಳಗಿನ ಖೋಲಿಯ ಕಡೆ ಗದ್ದ ತೋರಿಸಿದ. "ಯೇ ಭೀ ಮೇರಾ."

ನಾನು ಕನ್ನಡಕ್ಕೆ ತರಲು ಬಾಯಿ ತೆರೆದೆ. ಅಪ್ಪ ಕೈ ಅಡ್ಡ ಹಿಡಿದ.

"ನೀ ಹೇಳಬ್ಯಾಡ," ಎಂದ. "ತಿಳೀತು."